ಸರ್ವೆಯಲ್ಲ, ಗ್ಲೈಡರು

ಕಳೆದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಜೂರಾಗಿ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಹಿರಿಯ ಸದಸ್ಯರೊಬ್ಬರು ನನ್ನ ಕಿವಿಯ ಹತ್ತಿರ ಬಗ್ಗಿ, "ಕಾರ್ಯದರ್ಶಿಗಳೇ, ನಿಮ್ಮ ಬೋಳುಗುಡ್ಡದ ಮೇಲೆ ಏನೋ ಹಾರ್ತಾ ಇತ್ತಂತಲ್ಲ, ಸರ್ವೆಯೋ?" ಎಂದು ಕೇಳಿದರು. ಒತ್ತುವರಿಯ ಮಾತು ಎದ್ದಾಗಲೆಲ್ಲ ನಮ್ಮ ಬೆಳೆಗಾರರಿಗೆ ನಿದ್ದೆ ಹತ್ತುವುದಿಲ್ಲವೆಂಬುದು ನನಗೂ ಗೊತ್ತು. ಆದುದರಿಂದ ವಿಷಯವನ್ನು ಪತ್ರಿಕೆಯಲ್ಲೇ ಬರೆದುಬಿಡುವುದು ಮೇಲೆಂದು ಕಂಡಿತು. ಹಾರಿದ್ದು ಸರ್ವೆಯ ಡ್ರೋನ್ ಅಲ್ಲ. ಅದರಲ್ಲಿ ಕ್ಯಾಮೆರಾ ಇಲ್ಲ, ಎಂಜಿನ್ ಕೂಡ ಇಲ್ಲ. ಅದೊಂದು ಗ್ಲೈಡರು. ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ತಯಾರಿಸಿ, ರೆಕ್ಕೆಯನ್ನು ಎರಡು ತುಂಡು ಮಾಡಿ ರಾತ್ರಿ ಬಸ್ಸಿನಲ್ಲಿ ತಂದದ್ದು.

ಹುಡುಗನ ಕೆಲಸ ಕೃಷ್ಣರಾಜಪುರದ ಕಡೆ, ಬಾಡಿಗೆ ಕೋಣೆ ಇಂದಿರಾನಗರದಲ್ಲಿ. ನಾನು ಹೋದಾಗ ಮಂಚದ ಅರ್ಧ ಭಾಗವನ್ನು ರೆಕ್ಕೆಯೇ ಆಕ್ರಮಿಸಿತ್ತು. ಥರ್ಮಕೋಲಿನ ಹಲಗೆಯನ್ನು ಬಿಸಿ ತಂತಿಯಿಂದ ಕೊಯ್ದು ರೆಕ್ಕೆಯ ಆಕಾರ ಬರಿಸಿದ್ದ. ಚುಕ್ಕಾಣಿ ಎಳೆಯುವ ಕಡ್ಡಿಗಳು ಸೈಕಲ್ಲಿನ ಸ್ಪೋಕುಗಳು. ಅವೂ, ಮೂಗಿಗೆ ತೂಕ ಕೊಡುವ ಸೀಸದ ತುಂಡುಗಳೂ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಆರಿಸಿದವು. ರೆಕ್ಕೆಯ ಬೆನ್ನೆಲುಬಿಗೆ ಅಡಿಕೆ ದಬ್ಬೆ ಹಾಕೆಂದು ನಾನು ಸಲಹೆ ಕೊಟ್ಟೆ. ತೂಗಿ ನೋಡಿ ನಕ್ಕ. ಕೊನೆಗೆ ನಮ್ಮ ತೋಟದ ಬಿದಿರಿನ ಸೀಳೇ ಆಯಿತು.

ಇಂತಹ ಹುಚ್ಚು ಆ ದಿಕ್ಕಿನಲ್ಲಿ ಹೊಸದಲ್ಲ. 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪನೆಯಾದದ್ದು ಹಲಸೂರಿನ ಆಚೆ, ಪೂರ್ವದ ಬಯಲಿನಲ್ಲಿ. ಅಲ್ಲಿ ರೂಪುಗೊಂಡ ಮೊದಮೊದಲ ಯಂತ್ರಗಳಲ್ಲಿ ಒಂದು ಗ್ಲೈಡರೇ ಎಂಬುದು ಅನೇಕರಿಗೆ ತಿಳಿಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹತ್ತು ಜನ ಕೂರಬಲ್ಲ, ಸೈನಿಕರನ್ನು ಸಾಗಿಸುವ ಗ್ಲೈಡರನ್ನು ಡಾ. ವಿ. ಎಂ. ಘಾಟ್ಗೆಯವರು ವಿನ್ಯಾಸ ಮಾಡಿದರು. 1951ರಲ್ಲಿ ಹಾರಿದ ಎಚ್.ಟಿ.-2 ತರಬೇತಿ ವಿಮಾನದ ವಿನ್ಯಾಸಕಾರರೂ ಇವರೇ. ಘಾಟ್ಗೆಯವರು ಓದಿದ್ದು ಜರ್ಮನಿಯ ಗೊಟಿಂಗೆನ್‌ನಲ್ಲಿ, ಪ್ರಾಂಟ್ಲ್ ಎಂಬ ಮಹಾವಿದ್ವಾಂಸರ ಬಳಿ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನರಿಗೆ ಎಂಜಿನ್ ವಿಮಾನ ಮಾಡಲು ಕಟ್ಟುಪಾಡು ಬಿದ್ದಾಗ ಅಲ್ಲಿನ ವಿದ್ಯಾರ್ಥಿಗಳು ರೋನ್ ಬೆಟ್ಟಗಳಿಗೆ ಗ್ಲೈಡರು ಹೊತ್ತುಕೊಂಡು ಹೋಗಿದ್ದರು. 1922ರ ಆಗಸ್ಟಿನಲ್ಲಿ ಮಾರ್ಟೆನ್ಸ್ ಎಂಬಾತ ಅಲ್ಲಿ ಬರೀ ಗಾಳಿಯ ಬಲದಿಂದ ಒಂದು ಗಂಟೆಗೂ ಮಿಕ್ಕಿ ಮೇಲಿದ್ದ.

ಬೆಂಗಳೂರಿನಲ್ಲಿ ವಿದ್ಯೆ ಇದೆ, ಇಳಿಜಾರಿಲ್ಲ. ಅನುಮತಿಯ ಮಾತೂ ಇದೆ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವಾದ ಮೇಲೆ, 2008ರಿಂದ, ಎಚ್.ಎ.ಎಲ್. ನಿಲ್ದಾಣದಲ್ಲಿ ಸಾರ್ವಜನಿಕ ವಿಮಾನ ಸೇವೆ ನಿಂತಿದ್ದರೂ ಅಲ್ಲಿ ಇತರ ವಿಮಾನಗಳು ಏರಿಳಿಯುತ್ತಲೇ ಇವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಅಂತಹ ನಿಲ್ದಾಣದ ಸುತ್ತ ಅನುಮತಿಯಿಲ್ಲದೆ ಏನನ್ನೂ ಹಾರಿಸುವಂತಿಲ್ಲ. ಹೀಗಾಗಿ ಹುಡುಗನಿಗೆ ನಮ್ಮ ಗುಡ್ಡದ ನೆನಪಾಯಿತು. ಎರಡು ವರ್ಷದ ಹಿಂದೆ, "ಅಲ್ಲಿ ಏನೂ ಬೆಳೆಯೋದಿಲ್ಲ, ರೆಸಾರ್ಟಿನವರು ಕೇಳ್ತಾ ಇದ್ದಾರಲ್ಲ, ಕೊಟ್ಟುಬಿಡಿ ಚಿಕ್ಕಪ್ಪ" ಎಂದವನೂ ಅವನೇ. ಅಣ್ಣ ತೀರಿದ ಮೇಲೆ ಅರ್ಧ ಗುಡ್ಡ ಅವನದೇ, ನಾನು ಬೇಡವೆನ್ನುವಂತಿರಲಿಲ್ಲ.

ಇನ್ನು ಎಂಜಿನಿಲ್ಲದೆ ಅದು ಹಾರುವುದು ಹೇಗೆ? ರಸೆಲ್ ಮಾರುಕಟ್ಟೆಯ ಮೇಲೆ ಹದ್ದುಗಳು ಗಾಣದೆತ್ತಿನಂತೆ ಸುತ್ತುತ್ತ ಮೇಲೇರುವುದನ್ನು ನೋಡಿರುತ್ತೀರಿ. ಬಿಸಿಲಿಗೆ ಕಾದ ಊರಿನಿಂದ ಏಳುವ ಬಿಸಿ ಗಾಳಿ ಅವನ್ನು ಎತ್ತುತ್ತದೆ. ನಮ್ಮ ಗುಡ್ಡದ ಗರುಡ ಹಾಗಲ್ಲ, ಗಾಳಿಗೆ ಎದೆಯೊಡ್ಡಿ ಒಂದೇ ಕಡೆ ತೂಗುತ್ತ ನಿಲ್ಲುತ್ತದೆ. ಅಡ್ಡ ಬಂದ ಗುಡ್ಡಕ್ಕೆ ತಾಗಿದ ಗಾಳಿ ಇಳಿಜಾರಿನ ಗುಂಟ ಮೇಲೇರಲೇಬೇಕು. ಗಂಟೆಗೆ 20 ಕಿ.ಮೀ. ಗಾಳಿ ಎಂದರೆ ಸೆಕೆಂಡಿಗೆ ಐದೂವರೆ ಮೀಟರು. ನಾಲ್ಕು ಅಡಿಗೆ ಒಂದು ಅಡಿ ಏರುವ ಇಳಿಜಾರಾದರೆ ಅದರಲ್ಲಿ ಸೆಕೆಂಡಿಗೆ ಒಂದು ಮೀಟರಿಗೂ ತುಸು ಹೆಚ್ಚು ಮೇಲ್ಮುಖವಾಗುತ್ತದೆ. ಗ್ಲೈಡರು ತನ್ನಷ್ಟಕ್ಕೆ ಸೆಕೆಂಡಿಗೆ ಮುಕ್ಕಾಲು ಮೀಟರಿಗಿಂತ ಕಡಿಮೆ ಇಳಿಯುವಂತೆ ಮಾಡಿಬಿಟ್ಟರೆ ಲೆಕ್ಕದಲ್ಲಿ ಲಾಭವೇ. ವಿನ್ಯಾಸವೆಲ್ಲ ಇರುವುದು ಈ ಜಮಾ ಖರ್ಚಿನಲ್ಲಿ.

ಮೊದಲ ಗ್ಲೈಡರಿನ ರೆಕ್ಕೆ ತುದಿಯಿಂದ ತುದಿಗೆ 2 ಮೀಟರು, ಅಗಲ 20 ಸೆಂಟಿಮೀಟರು, ಒಟ್ಟು ತೂಕ 1 ಕೆ.ಜಿ. ರೆಕ್ಕೆಯ ಮುಂದಿನ ಅಂಚಿನಿಂದ 6 ಸೆಂಟಿಮೀಟರು ಹಿಂದೆ ಎರಡು ಬೆರಳಿನ ಮೇಲೆ ಇಟ್ಟರೆ ತಕ್ಕಡಿಯಂತೆ ಸಮವಾಗಿ ನಿಲ್ಲಬೇಕು. ಭಾರ ಹಿಂದಕ್ಕೆ ಸರಿದರೆ ಅದು ಹೇಳಿದ ಮಾತು ಕೇಳುವುದಿಲ್ಲ. ಕೈಯಲ್ಲಿರುವ ರೇಡಿಯೋ ಪೆಟ್ಟಿಗೆಯಲ್ಲಿ ಎರಡು ಕಡ್ಡಿ, ಒಂದು ಮೂಗನ್ನು ಏರಿಸಿ ಇಳಿಸಲು, ಇನ್ನೊಂದು ತಿರುಗಿಸಲು. ಗುಡ್ಡದ ಮುಂದೆ ಇಂಗ್ಲಿಷ್ ಎಂಟರ ಅಂಕೆ ಬರೆದಂತೆ ಆಚೆಗೂ ಈಚೆಗೂ ಓಡಿಸಬೇಕು. ತಿರುವು ಯಾವಾಗಲೂ ಗಾಳಿಯ ಕಡೆಗೆ. ಗುಡ್ಡದ ಕಡೆಗೆ ತಿರುಗಿಸಿದರೆ ಗಾಳಿಯ ವೇಗವೂ ಸೇರಿ ಅದು ಕಲ್ಲಿಗೆ ಬಡಿಯುತ್ತದೆ.

ಮೊದಲ ದಿನ ಹುಡುಗ ನಲವತ್ತು ನಿಮಿಷ ಹಾರಿಸಿದ. ಸದ್ದಿಲ್ಲ, ರೆಕ್ಕೆಯ ಮೇಲೆ ಗಾಳಿ ಸುಯ್ಯೆನ್ನುವುದಷ್ಟೇ. ಗರುಡವೊಂದು ಬಂದು ಜೊತೆಗೆ ಎರಡು ಸುತ್ತು ಹಾಕಿ, ಇದು ನಮ್ಮವನಲ್ಲವೆಂದು ಹೊರಟುಹೋಯಿತು. ಆಮೇಲೆ, "ತಗೊಳ್ಳಿ ಚಿಕ್ಕಪ್ಪ" ಎಂದು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ.

ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ಬಲಿಯಿತು. ಗ್ಲೈಡರಿನ ಸಹಜ ವೇಗ ಗಂಟೆಗೆ ಸುಮಾರು 30 ಕಿ.ಮೀ.; ಗಾಳಿಯೂ ಅಷ್ಟೇ ಆದಾಗ ಅದು ಆಕಾಶದಲ್ಲಿ ಮೊಳೆ ಹೊಡೆದಂತೆ ನಿಂತಿತು, ನಂತರ ನಿಧಾನವಾಗಿ ಹಿಂದಕ್ಕೆ ಬರತೊಡಗಿತು. ನನಗೆ ಗಾಬರಿ. ಮೇಲೆತ್ತಿದರೆ ಉಳಿಯುತ್ತದೆಂದು ಕಡ್ಡಿಯನ್ನು ಎಳೆದೆ. "ಮೂಗು ಬಗ್ಗಿಸಿ ಚಿಕ್ಕಪ್ಪ, ಬಗ್ಗಿಸಿ!" ಎಂದು ಹುಡುಗ ಕೂಗುತ್ತಿದ್ದ. ಮೂಗು ಬಗ್ಗಿಸಿದರೆ ವೇಗ ಸಿಕ್ಕಿ ಮುಂದೆ ನುಗ್ಗುತ್ತಿತ್ತು, ನಾನು ಎತ್ತಿದ್ದರಿಂದ ಇದ್ದ ವೇಗವೂ ಹೋಯಿತು. ನೆತ್ತಿ ದಾಟಿ ಗುಡ್ಡದ ಬೆನ್ನಿಗೆ ಹೋದ ಮೇಲೆ ಕಥೆ ಮುಗಿಯಿತು. ಅಲ್ಲಿ ಗಾಳಿ ಹೊಳೆಯ ಸುಳಿಯಂತೆ ಕೆಳಕ್ಕೆ ಎಳೆಯುತ್ತದೆ. ಗ್ಲೈಡರು ಕೆಳಗಿನ ಕಣಿವೆಯಲ್ಲಿ ನೆರೆಯವರ ಅಡಿಕೆ ತೋಟದೊಳಗೆ ಬಿತ್ತು. ಸರ್ವೆಯ ಸುದ್ದಿ ಹುಟ್ಟಿದ್ದು ಅಲ್ಲಿಂದ.

ಮೂರು ತಿಂಗಳ ಕೆಲಸ, ಒಂದು ರೆಕ್ಕೆ ಮುರಿದಿತ್ತು. ಹುಡುಗ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಅಡಿಕೆ ಮರದ ತುದಿಯಿಂದ ಇಳಿಸಿಕೊಟ್ಟ ಕೊನೆಗಾರನಿಗೆ ಒಂದು ದಿನದ ಕೂಲಿ ಕೊಟ್ಟೆ. ನೆರೆಯವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಕಾಫಿ ಕೊಟ್ಟು, ಎರಡು ಕೊನೆ ಮುರಿದದ್ದರ ಲೆಕ್ಕವನ್ನೂ ಹೇಳಿದರು. ಸರಿಯೇ.

ಈಗ ಎರಡನೆಯದು ಇಂದಿರಾನಗರದ ಮಂಚದ ಮೇಲೆ ಸಿದ್ಧವಾಗುತ್ತಿದೆ. ರೆಕ್ಕೆ ತೆಳು ಮಾಡಿದ್ದಾನೆ, ಸಮತೋಲದ ಜಾಗದಲ್ಲಿ ಒಂದು ಕೊಳವೆ ಇಟ್ಟಿದ್ದಾನೆ. ಗಾಳಿ ಜೋರಾದ ದಿನ ಅದರೊಳಗೆ 400 ಗ್ರಾಂ ಸೀಸ ತುಂಬುವುದು. ತೂಕ ಹೆಚ್ಚಿಸಿದರೆ ಬೀಳುವುದಿಲ್ಲವೇ ಎಂದು ನಾನೂ ಕೇಳಿದೆ. ತೂಕಕ್ಕೆ ತಕ್ಕಂತೆ ಅದು ಇನ್ನಷ್ಟು ವೇಗದಲ್ಲಿ ಹಾರುತ್ತದೆ, 30 ಇದ್ದದ್ದು 35 ಆಗುತ್ತದೆ, ಇಳಿಯುವುದೂ ತುಸು ಹೆಚ್ಚುತ್ತದೆ. ಆದರೆ ಜೋರು ಗಾಳಿಯ ದಿನ ಎತ್ತುವ ಬಲಕ್ಕೇನು ಬರವಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗಿನ ಗಾಳಿಮಳೆಯಲ್ಲಿ ಮಾತ್ರ ಸೀಸವೂ ನಡೆಯದು, ನಾವೇ ಗುಡ್ಡದ ಮೇಲೆ ನಿಲ್ಲಲಾರೆವು.

ಗುಡ್ಡ ಮಾರುವ ಮಾತನ್ನು ಹುಡುಗ ಮತ್ತೆ ಎತ್ತಿಲ್ಲ, ನಾನೂ ಕೆದಕಲು ಹೋಗಿಲ್ಲ.

ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವ ಮೊದಲು ಒಂದು ಭಾನುವಾರ ಹಾರಿಸುವುದೆಂದು ನಿಶ್ಚಯಿಸಿದ್ದೇವೆ. ನಕ್ಷೆಯಲ್ಲಿ ನಮ್ಮ ಗುಡ್ಡ ಹಸಿರು ವಲಯದಲ್ಲಿದೆಯೆಂದು ಖಚಿತಪಡಿಸಿಕೊಂಡಿದ್ದೇವೆ, ಕಣ್ಣಳತೆ ದಾಟಿಸುವುದಿಲ್ಲ. ದಿನಾಂಕವನ್ನು ಸಂಘದ ಕಚೇರಿಯ ಬೋರ್ಡಿನಲ್ಲಿ ಬರೆಸುತ್ತೇನೆ. ನೋಡಲು ಬರುವ ಸದಸ್ಯರು ಮಕ್ಕಳನ್ನು ನೆತ್ತಿಯ ಹಿಂದೆ ನಿಲ್ಲಿಸಬಾರದಾಗಿ ವಿನಂತಿ. ಪೆಟ್ಟಿಗೆ ನನ್ನ ಕೈಯಲ್ಲಿರುವುದಿಲ್ಲ.