ಸರಸ್ವತೀಬಾಯಿ ಕೊರೆದ ರಂಧ್ರ, ನಾವು ಆರಿಸುವ ಕೊಡೆಕ್

ನಾಸಿಕ್ ಬಳಿಯ ತ್ರ್ಯಂಬಕದಲ್ಲಿ 1870ರಲ್ಲಿ ಹುಟ್ಟಿದ ದಾದಾಸಾಹೇಬ್ ಫಾಲ್ಕೆ, ‘ರಾಜಾ ಹರಿಶ್ಚಂದ್ರ’ ತೆಗೆಯುವ ಮುನ್ನ 1912ರಲ್ಲಿ ಲಂಡನ್ನಿಗೆ ಹೋಗಿ ಬಂದರು. ವಿಲಿಯಮ್ಸನ್ ಕ್ಯಾಮೆರಾದ ಜೊತೆಗೆ ಫಿಲ್ಮಿನ ಅಂಚಿಗೆ ರಂಧ್ರ ಕೊರೆಯುವ ಯಂತ್ರವನ್ನೂ ತರಿಸಿದರು. ಕತ್ತಲಲ್ಲಿ ಕೂತು ಆ ರಂಧ್ರ ಕೊರೆದವರು ಅವರ ಪತ್ನಿ ಸರಸ್ವತೀಬಾಯಿ. ಕ್ಯಾಮೆರಾ, ಪ್ರಿಂಟರ್, ಪ್ರೊಜೆಕ್ಟರ್ ಮೂರರ ಹಲ್ಲಿಗೂ ರಂಧ್ರ ಕೂರದಿದ್ದರೆ ಚಿತ್ರ ಓಡುತ್ತಿರಲಿಲ್ಲ.

ವಿಡಿಯೊವನ್ನು ಪ್ರೀಮಿಯರ್ ತಂತ್ರಾಂಶದಲ್ಲಿ ಸಂಕಲನ ಮಾಡಿ, ಬಣ್ಣ ತಿದ್ದಲು ಡಾವಿಂಚಿ ರಿಸಾಲ್ವ್ ತಂತ್ರಾಂಶಕ್ಕೆ ಕಳಿಸುವಾಗ ಇಂದು ಆ ರಂಧ್ರದ ಕೆಲಸ ಮಾಡುವುದು ಕೊಡೆಕ್, ಅಂದರೆ ವಿಡಿಯೊವನ್ನು ಕುಗ್ಗಿಸಿಟ್ಟು ಮತ್ತೆ ಬಿಡಿಸುವ ವಿಧಾನ. ಅಲ್ಲಿ ಅನೇಕರು ಎಡವುವುದು ಎಚ್.264 ಎಂಬ ಕೊಡೆಕ್ ಆರಿಸಿ. ಅದು ಆಗೊಂದು ಈಗೊಂದು ಪೂರ್ತಿ ಫ್ರೇಮ್ ಇಟ್ಟು, ನಡುವಿನವಕ್ಕೆ ಬದಲಾದ ಭಾಗವನ್ನಷ್ಟೇ ಬರೆದಿಡುತ್ತದೆ. ನೋಡುಗರಿಗೆ ತಲುಪಿಸಲು ಇದು ಸೊಗಸು. ಆದರೆ ಸಂಕಲನದಲ್ಲಿ ಒಂದು ಫ್ರೇಮ್ ತೋರಿಸಲು ಕಂಪ್ಯೂಟರು ಅಕ್ಕಪಕ್ಕದವನ್ನೆಲ್ಲ ಬಿಡಿಸಬೇಕು. ಮತ್ತೆ ಮತ್ತೆ ರೆಂಡರ್ ಮಾಡಿದಷ್ಟೂ ಚಿತ್ರ ಸವೆಯುತ್ತದೆ.

ಕೊಡೆಕ್ ಆರಿಸುವಾಗ ಬಣ್ಣದ ಮೆಟ್ಟಿಲುಗಳನ್ನೂ ನೋಡಬೇಕು. ಏಕೆಂದು ತಿಳಿಯಲು ಛತ್ರಪತಿ ಸಂಭಾಜಿನಗರದ ಬಳಿಯ ಎಲ್ಲೋರಾಕ್ಕೆ ಹೋಗಿ. ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಕೈಲಾಸ ದೇವಾಲಯದಲ್ಲಿ ಬಿಸಿಲಿನಿಂದ ಕತ್ತಲಿಗೆ ಇಳಿಯುವ ನೆರಳೇ ಶಿಲ್ಪದ ಜೀವ. 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಮೆಟ್ಟಿಲು ಕಡಿಮೆಯಾದರೆ, ಬಣ್ಣ ತಿದ್ದುವಾಗ ನಯವಾದ ನೆರಳು ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ.

ಹಾಗಾಗಿ ಸಾಗಣೆಗೆ ಪ್ರತಿ ಫ್ರೇಮನ್ನೂ ಬಿಡಿಯಾಗಿ ಕಾಪಿಡುವ 10 ಬಿಟ್ ಕೊಡೆಕ್ ಬೇಕು. ಆ್ಯಪಲ್ 2007ರಲ್ಲಿ ತಂದ ಪ್ರೋರೆಸ್ 422 ಇಲ್ಲವೇ ಅವಿಡ್‌ನ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂಎಕ್ಸ್ ಸಾಕು. ಹಿನ್ನೆಲೆ ಪಾರದರ್ಶಕವಾಗಿರಬೇಕಾದ ಶೀರ್ಷಿಕೆ, ಗ್ರಾಫಿಕ್ಸ್‌ಗೆ ಪ್ರೋರೆಸ್ 4444. ಇಂಥ ಕೊಡೆಕ್‌ಗಳಿಗೆ ಜಾಗ ತೆರಬೇಕು: 1080 ಗಾತ್ರದಲ್ಲಿ ಸೆಕೆಂಡಿಗೆ 25 ಫ್ರೇಮಿನ ಪ್ರೋರೆಸ್ 422 ಗಂಟೆಗೆ ಸುಮಾರು 55 ಜಿಬಿ ನುಂಗುತ್ತದೆ.

ಒಂದು ಭ್ರಮೆ ಮಾತ್ರ ಬೇಡ. ಕ್ಯಾಮೆರಾ ಹಿಡಿಯದ ವಿವರವನ್ನು ಯಾವ ಕೊಡೆಕ್ಕೂ ಹುಟ್ಟಿಸದು. ಇದ್ದುದನ್ನು ಉಳಿಸಿಕೊಡುತ್ತದೆ, ಅಷ್ಟೆ. ನಾಸಿಕ್‌ನ ರಾಮಕುಂಡದಲ್ಲಿ ಗೋದಾವರಿ ಆರತಿಯನ್ನು ಮೊಬೈಲಿನಲ್ಲಿ ಹಿಡಿದಿದ್ದರೆ ಇನ್ನೊಂದು ಎಚ್ಚರ: ಮೊಬೈಲಿನ ಫ್ರೇಮ್ ವೇಗ ಏರಿಳಿಯುವುದುಂಟು. ಮೊದಲೇ ಸ್ಥಿರ ವೇಗಕ್ಕೆ ಪರಿವರ್ತಿಸದಿದ್ದರೆ ಗಂಟೆಯ ಸದ್ದು ಮುಂದೆ, ದೀಪ ಹಿಂದೆ ಆಗುತ್ತದೆ.

ಇಡೀ ಚಿತ್ರ ಕಳಿಸುವ ಮುನ್ನ ಹತ್ತು ಸೆಕೆಂಡಿನ ತುಣುಕು ಕಳಿಸಿ. ಬಣ್ಣ, ಧ್ವನಿ, ಫ್ರೇಮ್ ಎಣಿಕೆ ಎರಡೂ ಕಡೆ ತಾಳೆಯಾಗುತ್ತದೆಯೇ ನೋಡಿ. ಕ್ಯಾಮೆರಾದ ಮೂಲ ಫೈಲನ್ನು ಮಾತ್ರ ಎಂದೂ ಅಳಿಸಬೇಡಿ.