ಬ್ಯೂಗಲ್ ರಾಕ್ ಮೇಲೆ ಹಿಮ

ಬೆಂಗಳೂರಿನ ಆಕಾಶದಿಂದ ಬೆಳ್ಳಗಿನದೇನಾದರೂ ಬಿದ್ದರೆ ಅದು ಆಲಿಕಲ್ಲು. ಏಪ್ರಿಲ್‌ನಲ್ಲೋ ಮೇ ತಿಂಗಳಲ್ಲೋ ಹತ್ತು ನಿಮಿಷ ತಡಬಡ ಬಿದ್ದು, ಮಕ್ಕಳು ಲೋಟಕ್ಕೆ ತುಂಬಿಕೊಳ್ಳುವಷ್ಟರಲ್ಲಿ ಕರಗಿಹೋಗುತ್ತದೆ. ನಮ್ಮ ಮಾತಿನಲ್ಲೂ ಹಿಮಕ್ಕೆ ಸ್ವಂತ ಮನೆಯಿಲ್ಲ. ‘ಹಿಮ’ ಸಂಸ್ಕೃತದಿಂದ ಬಂದ ನೆಂಟ. ‘ಮಂಜು’ ಎಂದರೆ ಮಾಗಿಯ ಬೆಳಗ್ಗೆ ಲಾಲ್‌ಬಾಗಿನ ಕೆರೆಯ ಮೇಲೆ ಕೂತಿರುವಂಥದ್ದು. ಇಂಥ ಊರಿನಲ್ಲಿ ಹಿಮವನ್ನೂ ಬೆಟ್ಟವನ್ನೂ ಕಂಪ್ಯೂಟರಿನಲ್ಲಿ ಮಾಡಿ ಸಂಬಳ ಪಡೆಯುವವರಿದ್ದಾರೆ. ವಿಡಿಯೊ ಗೇಮ್‌ಗಳಿಗೆ ನೆಲ ಸಿದ್ಧಪಡಿಸುವ ಎನ್ವಿರಾನ್‌ಮೆಂಟ್ ಆರ್ಟಿಸ್ಟ್‌ಗಳು ಇವರು.

ಈ ಕಸುಬು ನಮ್ಮೂರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ರಾಜೇಶ್ ರಾವ್ ಅವರು ಇಲ್ಲಿ ‘ಧ್ರುವ ಇಂಟರ್‌ಆಕ್ಟಿವ್’ ಆರಂಭಿಸಿದ್ದು 1997ರಲ್ಲಿ, ಮನೆಯ ಕಂಪ್ಯೂಟರಿಗೆ ಹೊದಿಕೆ ಹೊಲಿಸುತ್ತಿದ್ದ ಕಾಲ ಅದು. ಗ್ರ್ಯಾಂಡ್ ಥೆಫ್ಟ್ ಆಟೊ ಖ್ಯಾತಿಯ ರಾಕ್‌ಸ್ಟಾರ್ ಕಂಪನಿ 2016ರಲ್ಲಿ ಬೆಂಗಳೂರಿನಲ್ಲಿ ಸ್ಟುಡಿಯೊ ತೆರೆಯಿತು. 2019ರಲ್ಲಿ ಧ್ರುವವನ್ನು ಕೊಂಡು ಅದರೊಳಗೆ ಸೇರಿಸಿಕೊಂಡಿತು. ಈ ನಡುವೆ, 2018ರ ಅಕ್ಟೋಬರ್‌ನಲ್ಲಿ, ‘ರೆಡ್ ಡೆಡ್ ರಿಡೆಂಪ್ಶನ್ 2’ ಬಂತು. ಕಂಪನಿಯ ಹಲವು ದೇಶಗಳ ಸ್ಟುಡಿಯೊಗಳು ಒಂದೇ ತಂಡವಾಗಿ ಮಾಡಿದ ಆಟ, ಬೆಂಗಳೂರೂ ಅದರಲ್ಲಿತ್ತು. ಆಟ ಶುರುವಾಗುವುದೇ ಹಿಮಪರ್ವತದಲ್ಲಿ, ಸೊಂಟದ ತನಕ ಹಿಮ ತುಂಬಿದ ದಾರಿಯಲ್ಲಿ ದರೋಡೆಕೋರರ ಗುಂಪೊಂದು ತಪ್ಪಿಸಿಕೊಂಡು ಹೋಗುವಾಗ. ಕಥೆಯ ವರ್ಷ 1899. ಆಗಷ್ಟೇ ಬೆಂಗಳೂರಿಗೆ ಪ್ಲೇಗು ಬಡಿದು, ಬಸವನಗುಡಿ, ಮಲ್ಲೇಶ್ವರಗಳ ಬೀದಿಗಳಿಗೆ ಗೆರೆ ಎಳೆಯುತ್ತಿದ್ದರು.

ಬೆಟ್ಟವನ್ನು ಮೊದಲು ಒಂದು ಕಪ್ಪು-ಬಿಳುಪು ಚಿತ್ರವಾಗಿ ಮಾಡುತ್ತಾರೆ. ಹೈಟ್‌ಮ್ಯಾಪ್ ಎಂದು ಹೆಸರು. ಕಪ್ಪಾದಷ್ಟೂ ತಗ್ಗು, ಬಿಳುಪಾದಷ್ಟೂ ಎತ್ತರ, ಅಷ್ಟೇ. ಸಾಮಾನ್ಯ ಫೋಟೊದಲ್ಲಿರುವಂತೆ 256 ಬೂದು ಛಾಯೆಗಳನ್ನು ಮಾತ್ರ ಇಟ್ಟುಕೊಂಡರೆ ಎರಡು ಸಾವಿರ ಮೀಟರ್ ಬೆಟ್ಟದ ಒಂದೊಂದು ಮೆಟ್ಟಿಲೂ ಸುಮಾರು ಎಂಟು ಮೀಟರ್ ಆಗುತ್ತದೆ, ಎರಡಂತಸ್ತಿನ ಮನೆಗಿಂತ ಎತ್ತರ. ಅದಕ್ಕೇ 65,536 ಛಾಯೆಗಳ ಚಿತ್ರ ಬೇಕು. ಆಗ ಮೆಟ್ಟಿಲು ಮೂರು ಸೆಂಟಿಮೀಟರಿಗೆ ಇಳಿದು ಕಣ್ಣಿಗೆ ಬೀಳುವುದಿಲ್ಲ. ಈ ಎತ್ತರ ಎಲ್ಲಿಂದ ಬರುತ್ತದೆ? ಕೆಲವೊಮ್ಮೆ ಉಪಗ್ರಹದಿಂದ. ಇಸ್ರೋ 2005ರಲ್ಲಿ ಹಾರಿಸಿದ ಕಾರ್ಟೊಸ್ಯಾಟ್-1 ಜೋಡಿಗಣ್ಣಿನಂತೆ ಎರಡು ಕೋನದಿಂದ ಚಿತ್ರ ತೆಗೆದು ಅಳೆದ ಭಾರತದ ಏರುತಗ್ಗುಗಳು ಇವತ್ತು ಯಾರಿಗಾದರೂ ಸಿಗುತ್ತವೆ. ಕೆಲವೊಮ್ಮೆ ಲೆಕ್ಕದಿಂದ. ಕೆನ್ ಪರ್ಲಿನ್ 1983ರಲ್ಲಿ ಕಟ್ಟಿದ, ಅಸ್ತವ್ಯಸ್ತವನ್ನೂ ನಯವಾಗಿ ಹುಟ್ಟಿಸುವ ಗಣಿತ ಇಂದಿಗೂ ಬೆಟ್ಟ, ಮೋಡಗಳ ಹಿಂದೆ ಕೂತಿದೆ. ಅದಕ್ಕಾಗಿ 1997ರಲ್ಲಿ ಅವರಿಗೆ ಆಸ್ಕರ್ ಸಂಸ್ಥೆಯ ತಾಂತ್ರಿಕ ಪ್ರಶಸ್ತಿಯೂ ಸಿಕ್ಕಿತು.

ಇದೆಲ್ಲ ಬರೀ ಮೂಳೆ. ಕಷ್ಟ ಇರುವುದು ಚರ್ಮದಲ್ಲಿ. ಎಂಟು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ನೆಲವನ್ನು, ಪಾತ್ರದ ಬೂಟಿನ ಬುಡದಲ್ಲಿ ಮರಳಿನ ಕಾಳು ಕಾಣುವಷ್ಟು ಸೂಕ್ಷ್ಮವಾಗಿ ಒಂದೇ ಚಿತ್ರದಲ್ಲಿ ಬರೆದರೆ ಸುಮಾರು 50 ಟೆರಾಬೈಟ್ ಬೇಕು. ರೆಡ್ ಡೆಡ್ ಆಟ ಇಡಿಯಾಗಿ ಕಂಪ್ಯೂಟರಿನಲ್ಲಿ ಕೇಳುವುದು 150 ಗಿಗಾಬೈಟ್. ಹಾಗಾಗಿ ನಾಲ್ಕಡಿಯದೋ ಹನ್ನೆರಡಡಿಯದೋ ಒಂದು ತುಂಡು ನೆಲ ಮಾಡಿಕೊಂಡು ಅದನ್ನೇ ಸಾವಿರ ಸಲ ಜೋಡಿಸುತ್ತಾರೆ. ಅಂಚಿಗೆ ಅಂಚು ಕೂಡಬೇಕು, ಕೂಡಿದ್ದು ಗೊತ್ತಾಗಬಾರದು. ಚಾಮರಾಜಪೇಟೆಯ ಹಳೆಯ ಮನೆಗಳ ಹೂವಿನ ಟೈಲ್ಸ್ ನೆಲದಲ್ಲಿ ಮರುಕಳಿಕೆಯೇ ಚೆಲುವು. ಬೆಟ್ಟದ ಮೇಲೆ ಅದೇ ದೊಡ್ಡ ಅಪರಾಧ. ಒಂದು ಗುರುತಿನ ಕಲ್ಲು ಚೆಂದವಾಗಿ ಬಂತೆಂದು ಕಲಾವಿದ ಹಿಗ್ಗಿದನೋ, ಬೆಟ್ಟ ಹತ್ತಿ ನೋಡಿದಾಗ ಅದೇ ಕಲ್ಲು ಸಾಲಾಗಿ ಕವಾಯತು ನಿಂತಿರುತ್ತದೆ. ಚೆನ್ನಾಗಿ ಕಾಣುವುದನ್ನೇ ಅಳಿಸುವ ಕೈಗಾರಿಕೆ ಇದು. ಆಮೇಲೆ ದೂರದಿಂದ ಮಾತ್ರ ಕಾಣುವ ದೊಡ್ಡ ಕಲೆಗಳನ್ನು ಮೇಲೆ ತೇಲಿಸಿ ಕಣ್ಣು ತಪ್ಪಿಸುತ್ತಾರೆ.

ಹಿಮ ಎಲ್ಲಿ ಕೂರಬೇಕು ಎನ್ನುವುದಕ್ಕೆ ಬಸವನಗುಡಿಯಲ್ಲಿ ವರ್ಷಕ್ಕೊಮ್ಮೆ ಉಚಿತ ಪಾಠವಿದೆ. ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಯಲ್ಲಿ ರಾಶಿಯ ಮೇಲೆ ಇನ್ನೊಂದು ಮೂಟೆ ಸುರಿಯುವುದನ್ನು ನಿಂತು ನೋಡಿ. ರಾಶಿ ಅಗಲವಾಗುತ್ತದೆ ಹೊರತು ಕಡಿದಾಗುವುದಿಲ್ಲ. ಒಂದು ಓರೆ ದಾಟಿದ್ದೇ ಕಾಯಿಗಳು ಜಾರಿ ಕೆಳಗೆ ಬರುತ್ತವೆ. ಹಿಮಕ್ಕೂ ಅಂಥದೊಂದು ಓರೆಯಿದೆ. ಆದ್ದರಿಂದ ಕಲಾವಿದರು ಬೆಟ್ಟದ ಪ್ರತಿ ಬಿಂದುವಿನ ಓರೆಯನ್ನು ಲೆಕ್ಕ ಹಾಕಿಸಿ, ಸಮತಟ್ಟಾದಲ್ಲಿ ಹಿಮ, ಕಡಿದಾದಲ್ಲಿ ಬರಿಗಲ್ಲು ಎಂದು ವಿಂಗಡಿಸುತ್ತಾರೆ. ಅದನ್ನು ‘ಮಾಸ್ಕ್’ ಎನ್ನುತ್ತಾರೆ. ಅಷ್ಟಕ್ಕೇ ಬಿಟ್ಟರೆ ಬೆಟ್ಟ ಕೇಕಿನಂತೆ ಕಾಣುತ್ತದೆ. ಗಾಳಿ ಹೊಡೆಯುವ ಕಡೆ ತೆಳು, ಮರೆಯ ಕಡೆ ದಪ್ಪ, ಬಿರುಕಿನೊಳಗೆ ತುಂಬಿದ್ದು, ಬಿಸಿಲಿಗೆ ಕರಗಿ ಮತ್ತೆ ಗಟ್ಟಿಯಾದದ್ದು ಎಂದು ಕೈಯಿಂದ ತಿದ್ದಿದಾಗಲೇ ಅದು ಬೆಟ್ಟ.

ಇನ್ನು ಬಣ್ಣ. ಹೊಸ ಹಿಮ ಬಿದ್ದ ಬೆಳಕಿನ ನೂರಕ್ಕೆ ಎಂಬತ್ತು, ತೊಂಬತ್ತು ಭಾಗವನ್ನು ಹಿಂದಕ್ಕೆ ಕಳಿಸುತ್ತದೆ. ಹಾಗೆಂದು ಅಪ್ಪಟ ಬಿಳಿ ಬಳಿದರೆ ಕಾಣುವುದು ಹಿಮವಲ್ಲ, ಬರೆಯದ ಕಾಗದ. ಜಲವರ್ಣದವರಿಗೆ ಇದು ಗೊತ್ತು. ಅವರು ಬಿಳಿ ಹಚ್ಚುವುದಿಲ್ಲ, ಕಾಗದ ಬಿಟ್ಟು ಸುತ್ತಲಿನ ನೆರಳನ್ನು ಬರೆಯುತ್ತಾರೆ. ಬಾಗಿಲ ಮುಂದೆ ಚೆಲ್ಲಿದ ರಂಗೋಲಿ ಪುಡಿಯನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿದರೂ ಸಾಕು, ಬಿಳಿಯನ್ನು ತೋರಿಸುವುದು ಅದರ ಬೂದು ನೆರಳೇ. ಹಿಮದ ಹಳ್ಳ ಮಾತ್ರ ಬೂದಲ್ಲ, ನೀಲಿ. ಬೆಳಕು ಒಳಹೊಕ್ಕು ಹರಳುಗಳ ನಡುವೆ ಅಲೆಯುವಾಗ ಕೆಂಪನ್ನು ಹೆಚ್ಚು ಕಳೆದುಕೊಂಡು ಹೊರಬರುತ್ತದೆ. ಈ ನೀಲಿಯನ್ನು ತುಸು ಹೆಚ್ಚು ಮಾಡಿದರೆ ಉಜಾಲ ಹಾಕಿದ ಪಂಚೆಯಾಗುತ್ತದೆ.

ಹೆಜ್ಜೆಗುರುತಿನ ತಂತ್ರ ನನಗೆ ಎಲ್ಲಕ್ಕಿಂತ ಇಷ್ಟ. ‘ಬ್ಯಾಟ್‌ಮನ್: ಅರ್ಖಾಮ್ ಒರಿಜಿನ್ಸ್’ (2013) ಆಟದವರು ನೆಲದಡಿಯಲ್ಲಿ ಆಟಗಾರನಿಗೆ ಕಾಣದ ಕ್ಯಾಮೆರಾ ಇಟ್ಟು ಮೇಲಕ್ಕೆ ತಿರುಗಿಸಿದರು. ಯಾರ ಪಾದ ಎಷ್ಟು ಕೆಳಗೆ ಬಂತು ಎಂದು ಅದು ಬರೆದುಕೊಳ್ಳುತ್ತದೆ. ಅಲ್ಲಿ ಹಿಮ ತಗ್ಗುತ್ತದೆ. ಪಾತಾಳದಲ್ಲಿ ಕೂತು ಅಂಗಾಲು ಎಣಿಸುವ ಗುಮಾಸ್ತ!

ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳಲ್ಲಿ ಕಾಡು, ಅರಮನೆ, ಬೀದಿಯ ಸೀನು ಬರೆದವರೂ ಇದೇ ಕುಲದವರು. ಅವರ ಪರದೆಯನ್ನು ಜನ ಒಂದೇ ಕಡೆಯಿಂದ ನೋಡುತ್ತಿದ್ದರು, ಇವರ ಪರದೆಯೊಳಗೆ ಕುದುರೆ ಏರಿ ಹೋಗುತ್ತಾರೆ, ವ್ಯತ್ಯಾಸ ಅಷ್ಟೇ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು ದೇಶದಲ್ಲೇ ಮೊದಲು ನೀತಿ ತಂದದ್ದು ಕರ್ನಾಟಕ, 2012ರಲ್ಲಿ. ಅಂಥ ನೀತಿಗಳು ಉದ್ಯೋಗದ ಲೆಕ್ಕ ಹೇಳುತ್ತವೆ. ಕಲಿಯಬೇಕಾದ್ದು ಮಾತ್ರ ನೆಲ ನೋಡುವುದನ್ನು, ಅದಕ್ಕೆ ಹಿಮದ ನಾಡಿಗೇ ಹೋಗಬೇಕೆಂದಿಲ್ಲ.

ದೊಡ್ಡ ಬಸವಣ್ಣನ ಗುಡಿಯ ಪಕ್ಕದ ಬ್ಯೂಗಲ್ ರಾಕ್‌ಗೆ ಸುಮಾರು 300 ಕೋಟಿ ವರ್ಷ. ಆಷಾಢದ ಮೋಡ ಕವಿದ ಬೆಳಗ್ಗೆ, ನೆರಳೇ ಬೀಳದಾಗ, ಮೊಬೈಲ್ ಹಿಡಿದು ಒಂದು ಬಂಡೆಯ ಸುತ್ತ ನಿಧಾನವಾಗಿ ನಡೆಯಿರಿ. ಒಂದರ ಮೇಲೊಂದು ಮುಕ್ಕಾಲು ಪಾಲು ಕೂಡುವಂತೆ ಅರವತ್ತು, ಎಪ್ಪತ್ತು ಫೋಟೊ ತೆಗೆಯಿರಿ. ಅವನ್ನು ಹೊಲಿದು ಮೂರು ಆಯಾಮದ ಬಂಡೆ ಮಾಡುವ ಉಚಿತ ತಂತ್ರಾಂಶಗಳಿವೆ. ಆ ಬಂಡೆಯ ಮೇಲೆ ಹಿಮ ಸುರಿಸುವುದು ನಿಮ್ಮ ಮನೆಯ ಹೈಸ್ಕೂಲು ಹುಡುಗಿಯ ಕೈಯಲ್ಲಿದೆ. ಮಳೆ ಬಂದ ಮಾರನೆಯ ದಿನ ಬೇಡ, ಒದ್ದೆ ಕಲ್ಲು ಹೊಳೆದು ಫೋಟೊ ಕೆಡಿಸುತ್ತದೆ.