ಗಣಕದೊಳಗಿನ ಹೊಲವೂ ಬಾನಕ್ಕಿಯ ಗೂಡೂ

ನಮ್ಮ ಪಿತ್ರಾರ್ಜಿತವಾದ ಹೊಲದ ಬದುವಿನ ಮೇಲೆ ಕಾರೆ, ಬೋರೆಗಳ ಪೊದೆಗಳಿದ್ದುವು. ಎರಡು ಸಾಲು ರಾಗಿ ಹೆಚ್ಚಾಗಿ ಬಂದೀತೆಂಬ ಆಸೆಯಿಂದ ಕೆಲವು ವರ್ಷಗಳ ಹಿಂದೆ ಅವುಗಳನ್ನು ಕಡಿಸಿದೆವು. ರಾಗಿಯೇನೋ ಬಂದಿತು, ಮುಂಜಾನೆ ಕೂಗುತ್ತಿದ್ದ ಗೌಜಲಹಕ್ಕಿಗಳ ದನಿ ಮಾತ್ರ ಅಡಗಿತು. ಪೊದೆಯನ್ನು ಕಡಿಸಿದುದೇ ಇದಕ್ಕೆ ಕಾರಣವೋ, ಅದೇ ವರ್ಷ ನೆರೆಯವರು ರಾಗಿಯನ್ನು ಬಿಟ್ಟು ನೀಲಗಿರಿ ಹಾಕಿದುದು ಕಾರಣವೋ, ಇಂದಿಗೂ ನಿರ್ಣಯಿಸಲಾರೆವು. ಕಳೆದ ವರ್ಷಗಳನ್ನು ಹಿಂದಕ್ಕೆ ತಂದು, ಪೊದೆಯನ್ನು ಉಳಿಸಿ, ಮತ್ತೊಮ್ಮೆ ನೋಡುವ ಉಪಾಯವೆಲ್ಲಿಯದು?

ಅಂತಹುದೊಂದು ಉಪಾಯವನ್ನು ಡೆನ್ಮಾರ್ಕ್ ದೇಶದ ವಿಜ್ಞಾನಿಗಳು ಕಲ್ಪಿಸಿರುವರು. 2003ರಲ್ಲಿ ಅವರು ಪ್ರಕಟಿಸಿದ ಈ ವ್ಯವಸ್ಥೆಗೆ ‘ಆಲ್ಮಾಸ್’ ಎಂದು ಹೆಸರು. ನಿಜವಾದ ಸೀಮೆಯೊಂದರ ನಕ್ಷೆಯನ್ನು ತೆಗೆದುಕೊಂಡು, ಉದ್ದ 10 ಕಿಲೋಮೀಟರು, ಅಗಲ 10 ಕಿಲೋಮೀಟರುಗಳ ನೆಲವನ್ನು ಮೀಟರಿಗೊಂದು ಚೌಕದಂತೆ ಗಣಕಯಂತ್ರದೊಳಗೆ ರಚಿಸುವರು. ಹೀಗೆ ಒಟ್ಟು 10 ಕೋಟಿ ಚೌಕಗಳಾಗುವುವು. ಅಲ್ಲಿ ದಿನದಿನವೂ ಮಳೆ ಬಿಸಿಲುಗಳುಂಟು, ಪೈರು ಬೆಳೆಯುವುದುಂಟು, ಉಳುವ, ಬಿತ್ತುವ, ಔಷಧಿ ಸಿಂಪಡಿಸುವ, ಕೊಯ್ಯುವ ಒಕ್ಕಲುಗಳುಂಟು. ಆ ನೆಲದ ಮೇಲೆ ಬಾನಕ್ಕಿ, ಹುಲ್ಲಿಲಿ, ಜೀರುಂಡೆ, ಜೇಡ ಮೊದಲಾದ ಪ್ರಾಣಿಗಳನ್ನು ಒಂದೊಂದನ್ನೂ ಬೇರೆಬೇರೆಯಾಗಿ ಬಿಡುವರು. ಹಕ್ಕಿಯು ತನಗೆ ಒಪ್ಪುವ ಎಡೆಯನ್ನು ಅರಸುವುದು, ಗೂಡು ಕಟ್ಟುವುದು, ಹುಳು ದೊರೆಯದಿದ್ದರೆ ಅದರ ಮರಿ ಸಾಯುವುದು.

ಆಮೇಲೆ ಒಂದೇ ನೆಲ, ಒಂದೇ ಹವೆಯನ್ನಿಟ್ಟುಕೊಂಡು ಒಂದನ್ನು ಮಾತ್ರ ಬದಲಿಸುವರು: ಬದುವಿನ ಹುಲ್ಲನ್ನು ಉಳಿಸಿದರೇನು? ಅಂಚಿನಲ್ಲಿ ಔಷಧಿಯನ್ನು ಬಿಟ್ಟರೇನು? ದೈವಯೋಗದ ಪಾಲೂ ಇರುವುದರಿಂದ ಇದನ್ನು ಹಲವು ಸಲ ನಡೆಸಿ ನೋಡುವರು.

ಇಷ್ಟು ಶ್ರಮವೇಕೆಂದರೆ, ಬಾನಕ್ಕಿಯ ಕಥೆಯನ್ನು ಕೇಳಬೇಕು. ಆಂಗ್ಲರು ಸ್ಕೈಲಾರ್ಕ್ ಎನ್ನುವ ಹಕ್ಕಿಯಿದು. ಅಮರಕೋಶದ ಭರದ್ವಾಜ ಪಕ್ಷಿಗೆ ಕೆಲವು ನಿಘಂಟುಕಾರರು ಇದೇ ಅರ್ಥವನ್ನು ಹೇಳುವರು, ಒಪ್ಪದವರೂ ಉಂಟು. ಆಕಾಶದಲ್ಲಿ ಹಾಡುವ ಈ ಹಕ್ಕಿ ಗೂಡು ಕಟ್ಟುವುದು ನೆಲದ ಮೇಲೆ, ಪೈರಿನ ನಡುವೆ. ಬೇಸಗೆಯೊಂದರಲ್ಲಿ ಎರಡು ಮೂರು ಸಲ ಮರಿ ಮಾಡಿದರೇ ಅದರ ಸಂತತಿ ನಿಲ್ಲುವುದು. ಹಿಂದೆ ಯೂರೋಪಿನ ರೈತರು ವಸಂತದಲ್ಲಿ ಗೋದಿ, ಬಾರ್ಲಿಗಳನ್ನು ಬಿತ್ತುತ್ತಿದ್ದರು. ಪೈರು ತಗ್ಗಾಗಿಯೂ ವಿರಳವಾಗಿಯೂ ಇರುತ್ತಿತ್ತು. ಶರತ್ಕಾಲದ ಬಿತ್ತನೆ ಹೆಚ್ಚಿದಂದಿನಿಂದ ಜೂನ್ ತಿಂಗಳ ವೇಳೆಗೆ ಪೈರು ಎತ್ತರವಾಗಿ ದಟ್ಟೈಸುವುದು. ಎರಡನೆಯ ಗೂಡಿಗೆ ಎಡೆಯೇ ಇಲ್ಲ. 1970ರಿಂದೀಚೆಗೆ ಇಂಗ್ಲೆಂಡಿನಲ್ಲಿ ಈ ಹಕ್ಕಿಗಳ ಸಂಖ್ಯೆ ಅರ್ಧಕ್ಕಿಂತಲೂ ಕಡಮೆಯಾಯಿತು.

ಅಲ್ಲಿಯವರು ಸರಳವಾದ ಪರಿಹಾರವೊಂದನ್ನು ಕಂಡುಕೊಂಡರು. ಬಿತ್ತುವಾಗ ಯಂತ್ರವನ್ನು ಕ್ಷಣಕಾಲ ನಿಲ್ಲಿಸಿ, ಹೆಕ್ಟೇರಿಗೆ ಎರಡರಂತೆ, ಸುಮಾರು 16 ಚದರ ಮೀಟರಿನ ಬರಿಯ ತಾಣಗಳನ್ನು ಬಿಡುವುದು. ನೆಲದ ನಷ್ಟ 300ರಲ್ಲಿ 1 ಪಾಲೂ ಆಗದು. ಇದು ಗಣಕದಲ್ಲಿ ಹುಟ್ಟಿದುದಲ್ಲ, ಹೊಲದಲ್ಲಿಯೇ ಪರೀಕ್ಷಿತವಾದುದು. ಆದರೆ ಇಂತಹ ಉಪಾಯವನ್ನು ಯಾವ ಸೀಮೆಯಲ್ಲಿ, ಯಾವ ಬೆಳೆಯ ಪಕ್ಕದಲ್ಲಿ, ಎಷ್ಟು ಮಂದಿ ಕೈಗೊಂಡರೆ ಫಲವೆಂಬುದನ್ನು ಊರೂರಿನಲ್ಲಿಯೂ ಬೆಳೆಯಿಟ್ಟು ನೋಡಲಾದೀತೆ? ಅಲ್ಲಿಯೇ ಪ್ರತಿಕೃತಿಯ ಪ್ರಯೋಜನ. ಇಲಿಗೆ ಹಿತವಾದುದು ಬಾನಕ್ಕಿಗೆ ಹಿತವಾಗದಿರಬಹುದು. ಒಂದು ಹೊಲದಲ್ಲಿ ಫಲಿಸಿದುದು ಕಾಡಂಚಿನ ಹೊಲದಲ್ಲಿ ವ್ಯರ್ಥವಾಗಬಹುದು. ರೈತನು ಒಂದು ವರ್ಷದ ಅನ್ನವನ್ನು ಪಣವಾಗಿಡುವ ಮೊದಲೇ ಇದು ತಿಳಿದರೆ ಲೇಸಲ್ಲವೆ?

ಆದರೂ ವಾಚಕರು ಇದನ್ನು ಗ್ರಹಣದ ಗಣಿತವೆಂದು ಭಾವಿಸಬಾರದು. ಗ್ರಹಣವು ಹೇಳಿದ ಘಳಿಗೆಗೆ ಹಿಡಿಯುವುದು. ಇದು ಹೆಚ್ಚೆಂದರೆ ಪಂಚಾಂಗದ ಮಳೆಗಿಂತ ನಂಬಿಕೆಗೆ ಅರ್ಹವಾದುದು. (ಪಂಚಾಂಗದವರು ಕ್ಷಮಿಸಬೇಕು.) ತುಂಬದ ವಿಷಯವನ್ನು ಗಣಕವು ಅರಿಯದು. ಡೆನ್ಮಾರ್ಕಿನವರು ಮೊದಲು ಹೊಲದಲ್ಲಿ ಅಲೆದು ಹಕ್ಕಿಗಳನ್ನು ಎಣಿಸಿದರು, ಗೂಡುಗಳನ್ನು ಕಾದು ನೋಡಿದರು, ಆಮೇಲೆ ಗಣಕ. ಅದು ಹೇಳಿದುದನ್ನೂ ಹೊಲದ ಎಣಿಕೆಯೊಡನೆ ಹೋಲಿಸಿ ತಿದ್ದಿದರು. ಅವರ ಲೆಕ್ಕವನ್ನೇ ತಂದು ನಮ್ಮ ಬೆದ್ದಲಿಗೆ ಅಂಟಿಸುವಂತಿಲ್ಲ. ಗೌಜಲಹಕ್ಕಿ ಯಾವ ಪೊದೆಯಲ್ಲಿ, ಯಾವ ಮಾಸದಲ್ಲಿ, ಎಷ್ಟು ಮೊಟ್ಟೆಯಿಟ್ಟಿತೆಂಬುದನ್ನು ನಮ್ಮ ಬದುವಿನ ಮೇಲೆಯೇ ಯಾರಾದರೂ ನಡೆದು ಬರೆದಿಡಬೇಕು.

ಈ ಸಲ ಬದುವಿನ ಪಡುವಣ ತುದಿಯಲ್ಲಿ ಹತ್ತು ಮಾರಿನಷ್ಟನ್ನು ಕಡಿಸದೆ ಬಿಟ್ಟಿರುವೆವು. ಕಾರೆಯ ಬುಡಗಳು ಚಿಗುರಿವೆ. ಮೊಮ್ಮಗನಿಗೆ ಒಂದು ನೋಟುಪುಸ್ತಕವನ್ನು ಕೊಟ್ಟು, ಮುಂಜಾನೆ ಯಾವ ದನಿ ಕೇಳಿದರೂ ತಾರೀಖು ಹಾಕಿ ಬರೆಯೆಂದು ಹೇಳಿರುವೆವು. ಇದುವರೆಗೆ ಅದರಲ್ಲಿರುವುದು ಮೈನಾ, ಕಾಗೆ, ಮತ್ತು ನೆರೆಯವರ ಪಂಪು.